ಹನ್ನೆರಡು ಸಾಲು

ಹೋದ ವಾರ ಜೆ.ಪಿ. ನಗರದ ನಮ್ಮ ಹಿರಿಯರ ಕೂಟಕ್ಕೆ ಒಬ್ಬಳು ಹುಡುಗಿ ಬಂದಿದ್ದಳು. ಚಳಿಗಾಲದಲ್ಲಿ ವಯಸ್ಸಾದವರು ಕೂತಲ್ಲೇ ಮಾಡಬಹುದಾದ ಸುಲಭದ ಕೈಕೆಲಸ ಕಲಿಸುತ್ತಾಳಂತೆ. ಎಲ್ಲರಿಗೂ ಒಂದೊಂದು ಉಣ್ಣೆ ಉಂಡೆ, ಬೆರಳಿನಷ್ಟು ದಪ್ಪದ ಎರಡೆರಡು ಕಡ್ಡಿ ಕೊಟ್ಟಳು. “ತುಂಬಾ ಈಸಿ ಅಜ್ಜಿ, ನಾನು ತೋರಿಸ್ಕೊಡ್ತೀನಿ” ಅಂದಳು. ಅವಳು ತೋರಿಸುವ ಮೊದಲೇ ನನ್ನ ಕೈ ಕುಣಿಕೆ ಹಾಕತೊಡಗಿತ್ತು. ಐದು, ಹತ್ತು, ಇಪ್ಪತ್ತು... ಅರವತ್ತು ವರ್ಷದಿಂದ ಮುಟ್ಟದಿದ್ದ ಕೆಲಸ. ನನ್ನ ಕೈ ನೋಡಿ ನನಗೇ ಹೆದರಿಕೆಯಾಯಿತು. ತಲೆಸುತ್ತು ಅಂತ ಸುಳ್ಳು ಹೇಳಿ ಮನೆಗೆ ಬಂದುಬಿಟ್ಟೆ.

ಅಂಥ ದಪ್ಪ ಕಡ್ಡಿಗಳನ್ನು ನಾನು ಮೊದಲು ಕಂಡದ್ದು ಜಯನಗರದಲ್ಲಿ, ನಮ್ಮ ಎದುರುಮನೆಯ ಕಾಂಪೌಂಡರ್ ರಾಯರ ಕೈಯಲ್ಲಿ. ಚೀನಾ ಯುದ್ಧದ ವರ್ಷ ಅದು. ನಾನು ಇಪ್ಪತ್ತೊಂದರ ಸೊಸೆ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಗಾಳಿಗೆ ಅಡ್ಡವೇ ಇರಲಿಲ್ಲ, ಮಾರ್ಗಶಿರದ ಚಳಿ ಮಧ್ಯಾಹ್ನವಾದರೂ ಮನೆಯೊಳಗೇ ಕೂತಿರುತ್ತಿತ್ತು. ರಾಯರು ಮಿಲಿಟರಿ ಆಸ್ಪತ್ರೆಯಲ್ಲಿ ಔಷಧಿ ಬೆರೆಸಿಕೊಡುತ್ತಿದ್ದವರು, ನಿವೃತ್ತರಾಗಿ ಹೆಂಡತಿಯೊಂದಿಗೆ ಇದ್ದರು. ಮಕ್ಕಳಿರಲಿಲ್ಲ. ಒಂದು ದಿನ ಜಗಲಿಯ ಬಿಸಿಲಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಅವರು ಸ್ವೆಟರ್ ಹೆಣೆಯುತ್ತಾ ಕೂತದ್ದನ್ನು ಕಂಡು ಬೀದಿಗೆ ಬೀದಿಯೇ ಕಿಟಕಿಗೆ ಬಂತು. ಕಚ್ಚೆಪಂಚೆ ಉಟ್ಟ ಗಂಡಸು, ಅರವತ್ತು ದಾಟಿದವರು, ಹೆಣಿಗೆ!

ಹಿಂದಿನ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸಿಪಾಯಿಗಳ ಬೆರಳು ಮರಗಟ್ಟದಿರಲಿ ಅಂತ ಆಸ್ಪತ್ರೆಯ ನರ್ಸುಗಳು ಅವರಿಗೆ ಹೆಣಿಗೆ ಕಲಿಸುತ್ತಿದ್ದರಂತೆ. ರಾಯರೂ ಅಲ್ಲೇ ಕಲಿತದ್ದು. ಈಗ ಗಡಿಯ ಜವಾನರಿಗೆ ಸ್ವೆಟರ್ ಬೇಕು ಅಂತ ರೇಡಿಯೋದಲ್ಲಿ ಕೇಳಿ ಕೂತಲ್ಲಿ ಕೂರಲಾರದೆ ಹೋದರು. ಬೀದಿಯ ಮುದುಕ ಮುದುಕಿಯರನ್ನೆಲ್ಲ ಕರೆದರು. ಸಣ್ಣ ಕಡ್ಡಿ ಹಿಡಿಯಲಾಗದವರಿಗೆ ಬಿದಿರು ಸೀಳಿ, ಗಾಜಿನ ಚೂರಿನಿಂದ ಹೆರೆದು, ಕೊಬ್ಬರಿ ಎಣ್ಣೆ ಸವರಿ ದಪ್ಪ ಕಡ್ಡಿ ಮಾಡಿಕೊಟ್ಟರು. ಕಣ್ಣು ಮಂದವಾದವರು ಉಣ್ಣೆ ಸುತ್ತಲಿ, ಕೈ ನಡುಗುವವರು ಮಫ್ಲರ್ ಹೆಣೆಯಲಿ, ಬರೀ ನೇರ ಸಾಲು... “ತಪ್ಪಿದ್ರೆ ಬಿಚ್ಚೋದು, ಮತ್ತೆ ಹಾಕೋದು. ಇದ್ರಲ್ಲಿ ಫೇಲ್ ಅನ್ನೋದೇ ಇಲ್ಲ” ಅನ್ನುತ್ತಿದ್ದರು. ಹದಿನೈದು ದಿನದಲ್ಲಿ ಏಳೆಂಟು ಜನ ಸೇರಿದರು.

ನಮ್ಮ ಅತ್ತೆ ಆ ಸಾಲಿಗೆ ಸೇರುವವರಲ್ಲ. ಇಪ್ಪತ್ತೈದಕ್ಕೆ ಗಂಡನನ್ನು ಕಳಕೊಂಡು ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟವರು. ಅಡುಗೆಮನೆ, ಹಿತ್ತಲು ಬಿಟ್ಟರೆ ದೇವಸ್ಥಾನ. ಹೊರಗಿನ ಗಂಡಸರ ಎದುರು ನಿಂತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ರಾಯರು ನಮ್ಮ ಗೇಟಿನ ಆಚೆ ನಿಂತು, ನನ್ನನ್ನು ನೋಡುತ್ತಾ ಒಳಗಿರುವ ಅತ್ತೆಗೆ ಕೇಳುವಂತೆ ಹೇಳಿದರು: “ನಿಮ್ಮತ್ತೆಯವರನ್ನ ಕೇಳಮ್ಮ, ಉಣ್ಣೆಗೆ ಮೈಲಿಗೆ ಉಂಟೇ?”

ಇಲ್ಲ. ಉಣ್ಣೆ ಯಾವತ್ತೂ ಮಡಿಯೇ.

ಮಾರನೆಯ ದಿನ ಊಟ ಮುಗಿಸಿ ಅತ್ತೆ ತಾವೇ ರಸ್ತೆ ದಾಟಿದರು. ಕೂರಲು ತಮ್ಮದೇ ಮಣೆ ಕಂಕುಳಲ್ಲಿತ್ತು. ಸಂಜೆ ಆಫೀಸಿನಿಂದ ಬಂದ ನನ್ನವರು ನಿಂತಲ್ಲೇ ಕೇಳಿದರು: “ಅಮ್ಮ ಎದುರುಮನೆ ಜಗಲೀಲಿ? ಅಷ್ಟು ಜನದ ಮಧ್ಯೆ?”

“ಯಾರದೋ ಹೆತ್ತ ಮಕ್ಕಳು ಹಿಮದಲ್ಲಿ ನಡುಗ್ತಿದಾರೆ. ನಾನು ಒಳಗೆ ಕೂತು ಜಪ ಮಾಡ್ಲಾ?” ಅಂದರು ಅತ್ತೆ. 

ಎಲ್ಲರಿಗಿಂತ ಬೇಗ ಕಲಿತವರು ಅವರೇ. ರಾಯರ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಮಣೆ ಹಾಕಿಕೊಂಡು, ತಲೆ ಎತ್ತದೆ, ಒಂದೂ ಮಾತಾಡದೆ ಹೆಣೆಯುತ್ತಿದ್ದರು. ನಾನೂ ಕೆಲಸದ ಬಿಡುವಿನಲ್ಲಿ ಹೋಗಿ ಕೂರುತ್ತಿದ್ದೆ.

ಧನುರ್ಮಾಸ ಹುಟ್ಟಿ ಕೆಲವು ದಿನವಾಗಿತ್ತು. ರಾಯರ ಹೆಂಡತಿಗೆ, ನಾನು ಎದುರುಮನೆಯಮ್ಮ ಅನ್ನುತ್ತಿದ್ದವರಿಗೆ, ಐದು ದಿನ ಜ್ವರ. ಬರೀ ಗಂಜಿಯ ಮೇಲಿದ್ದರು. ಅವತ್ತೇ ಮೊದಲ ಸಲ ಅನ್ನ, ಮೆಣಸಿನ ಸಾರು. ನಾನು ಅವರಿಗೆ ಒಂದಷ್ಟು ಹಿತಕಿದ ಅವರೆಬೇಳೆ ಕೊಡೋಣ ಅಂತ ಬಟ್ಟಲು ಹಿಡಿದು ಹೋದೆ. ಜಗಲಿಯಲ್ಲಿ ಬಿಸಿಲು ಹದವಾಗಿತ್ತು. ರಾಯರು ಕುರ್ಚಿಗೆ ಒರಗಿದ್ದರು. ಶಾಲು ಗದ್ದದವರೆಗೆ ಹೊದಿಸಿತ್ತು, ಮಂಕಿ ಟೋಪಿ ಹಣೆಗೆ ಇಳಿದಿತ್ತು. ಅವರು ಹಾಗೆ ತೂಕಡಿಸುವುದು ಹೊಸದಲ್ಲ.

ಅತ್ತೆ ಹೆಣೆಯುತ್ತಿದ್ದರು. ಆಚೆ ತುದಿಯಲ್ಲಿದ್ದ ನಿವೃತ್ತ ಹೆಡ್‌ಮಾಸ್ತರರು ತಮ್ಮ ಮಫ್ಲರ್ ಎತ್ತಿ, “ರಾಯರೇ, ಎರಡು ಕುಣಿಕೆ ಜಾರಿಹೋಯ್ತು ನೋಡಿ” ಅಂದರು.

“ಮಲಗಿದಾರೆ. ಇಲ್ಲಿ ಕೊಡಿ, ನಾನು ನೋಡ್ತೀನಿ.”

ಆ ದನಿ ಅತ್ತೆಯದು ಅಂತ ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಹೆಡ್‌ಮಾಸ್ತರರೂ ಬೆರಗಾಗಿ ಮಫ್ಲರ್ ಚಾಚಿದರು. ಅತ್ತೆ ಕುಣಿಕೆ ಸರಿಮಾಡಿ ಹಿಂದಕ್ಕೆ ಕೊಟ್ಟರು. ಆಮೇಲೆ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: “ಒಳಗೆ ಹೋಗಿ ಅವಳ ಊಟ ಆಯ್ತಾ ನೋಡ್ಕೊಂಡು ಬಾ. ಅವಸರ ಮಾಡ್ಬೇಡ.”

ಎದುರುಮನೆಯಮ್ಮ ಅಡುಗೆಮನೆಯಲ್ಲಿ ಒಬ್ಬರೇ ಕೂತು ಕೊನೆಯ ಮಜ್ಜಿಗೆ ಅನ್ನ ಬಳಿಯುತ್ತಿದ್ದರು. “ಐದು ದಿನ ಆದ್ಮೇಲೆ ನಾಲಿಗೆಗೆ ರುಚಿ ಬಂತು ಕಣೇ” ಅಂತ ನಕ್ಕರು. ಎದ್ದು ಕೈ ತೊಳೆದರು. ನಾನು ಬಟ್ಟಲು ಅಲ್ಲಿಟ್ಟು ಹೊರಗೆ ಬಂದು, “ಆಯ್ತು ಅತ್ತೆ” ಅಂದೆ.

ಅತ್ತೆ ಕೈಯಲ್ಲಿದ್ದ ಸಾಲು ಮುಗಿಸಿದರು. ಕಡ್ಡಿ ಕೆಳಗಿಟ್ಟರು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು:

“ರಾಯರು ಹೋದ್ರು.”

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಹೆಡ್‌ಮಾಸ್ತರರು ಬರಿಗಾಲಲ್ಲಿ ಡಾಕ್ಟರ ಮನೆ ಕಡೆ ಓಡಿದ್ದು, ಒಳಗಿನಿಂದ ಒದ್ದೆ ಕೈಯಲ್ಲೇ ಬಂದ ಎದುರುಮನೆಯಮ್ಮ ಬಾಗಿಲಲ್ಲಿ ನಿಂತುಬಿಟ್ಟದ್ದು... ಅಷ್ಟು ಜನ ಪಕ್ಕದಲ್ಲಿ ಕೂತಿದ್ದೆವು, ನಗುತ್ತಿದ್ದೆವು, ಕುಣಿಕೆ ಎಣಿಸುತ್ತಿದ್ದೆವು. ನಿದ್ದೆಯಲ್ಲೇ ಹೃದಯ ನಿಂತಿದೆ, ನೋವೇ ಗೊತ್ತಾಗಿರಲಿಕ್ಕಿಲ್ಲ ಅಂದರು ಡಾಕ್ಟರು.

ಸಂಜೆ ಹಿತ್ತಲಲ್ಲಿ ತಲೆಗೆ ನೀರು ಹೊಯ್ದುಕೊಂಡು ನಡುಗುತ್ತಾ ನಿಂತಿದ್ದಾಗ ಅತ್ತೆಯನ್ನು ಕೇಳಿದೆ. “ನಿಮಗೆ ಯಾವಾಗ ಗೊತ್ತಾಯ್ತು?”

“ಗೊತ್ತಾದ್ಮೇಲೆ ಹನ್ನೆರಡು ಸಾಲು ಹೆಣೆದೆ.”

ಮೊದಲು ಅರ್ಥವಾಗಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಅರ್ಧ ಗಂಟೆ! “ಜೀವ ಇತ್ತೋ ಏನೋ ಅತ್ತೆ! ಡಾಕ್ಟರನ್ನ ಕರೆಸಬಹುದಿತ್ತು!”

“ಅವರ ಕಡ್ಡಿ ಸದ್ದು ನಿಂತಾಗ ತಿರುಗಿ ನೋಡಿದೆ. ಶಾಲು ಸರಿ ಮಾಡೋ ಹಾಗೆ ಮಾಡಿ, ಮೂಗಿನ ಹತ್ರ ಉಣ್ಣೆ ಎಳೆ ಹಿಡಿದೆ. ಎರಡು ಸಲ. ಅಲ್ಲಾಡ್ಲಿಲ್ಲ.” ಅತ್ತೆ ಸೀರೆ ಹಿಂಡಿದರು. “ಅವಳು ಒಳಗೆ ನಿಧಾನವಾಗಿ ಉಣ್ತಿದ್ಲು, ತಟ್ಟೆ ಸದ್ದು ಕೇಳಿಸ್ತಿತ್ತು. ನಿನ್ನ ಮಾವ ಹೋದ ದಿನ ನಾನೂ ತಟ್ಟೆ ಮುಂದೆ ಕೂತಿದ್ದೆ. ಬಾಯಿಗೆ ಇಟ್ಟಿದ್ದ ತುತ್ತನ್ನ ಉಗಿಸಿ ಎಳ್ಕೊಂಡು ಹೋದ್ರು. ಆಮೇಲೆ ಮೂರು ದಿನ ಯಾರೂ ಉಂಡ್ಯಾ ಅಂತ ಕೇಳ್ಲಿಲ್ಲ. ಇವಳು ಐದು ದಿನ ಉಪವಾಸ ಇದ್ದವಳು. ಹೋದವರೇನು ಓಡಿಹೋಗ್ತಾರಾ? ಉಣ್ಲಿ ಅಂತ ಸುಮ್ನಿದ್ದೆ. ಯಾರಿಗೂ ಹೇಳ್ಬೇಡ.”

ರಾಯರು ಅರ್ಧಕ್ಕೆ ಬಿಟ್ಟ ಸ್ವೆಟರನ್ನು ಅತ್ತೆಯೇ ಮುಗಿಸಿದರು. ಸಂಕ್ರಾಂತಿಗೆ ಮೊದಲು ಆ ಜಗಲಿಯಿಂದ ಹತ್ತೊಂಬತ್ತು ಸ್ವೆಟರ್, ಮಫ್ಲರುಗಳ ಗಂಟು ಗಡಿಗೆ ಹೋಯಿತು. ನಾನು ಮಾತ್ರ ಮತ್ತೆ ಕಡ್ಡಿ ಮುಟ್ಟಲಿಲ್ಲ. ಅತ್ತೆಯ ಪಕ್ಕ ಕೂತು ಊಟ ಮಾಡಲು ಕೂಡ ಬಹಳ ದಿನ ಹೆದರಿಕೆಯಾಗುತ್ತಿತ್ತು. ಅದು ಕರುಣೆಯೋ, ಕಲ್ಲೆದೆಯೋ ನನಗೆ ತಿಳಿಯುತ್ತಿರಲಿಲ್ಲ.

ಎದುರುಮನೆಯಮ್ಮ ಹನುಮಂತನಗರದ ತಮ್ಮನ ಮನೆ ಸೇರಿದರು. ಆರೇಳು ವರ್ಷ ಕಳೆದು, ಅತ್ತೆಯೂ ತೀರಿಕೊಂಡ ಮೇಲೆ, ನಾನು ಅವರನ್ನು ನೋಡಲು ಹೋಗಿದ್ದೆ. ಬಹಳ ಇಳಿದುಹೋಗಿದ್ದರು. ಎಷ್ಟು ಒತ್ತಾಯ ಮಾಡಿದರೂ ಎರಡು ತುತ್ತಿಗಿಂತ ಹೆಚ್ಚು ಉಣ್ಣುವುದಿಲ್ಲ ಅಂತ ತಮ್ಮನ ಹೆಂಡತಿ ದೂರಿದಳು. ಅವಳು ಆಚೆ ಹೋದ ಮೇಲೆ ಅವರು ತಗ್ಗಿದ ದನಿಯಲ್ಲಿ ಅಂದರು: “ಅವರು ಹೊರಗೆ ಪ್ರಾಣ ಬಿಡ್ತಿದ್ದಾಗ ನಾನು ಒಳಗೆ ಹೊಟ್ಟೆ ತುಂಬಾ ಉಣ್ತಿದ್ದೆ ಕಣೇ. ರುಚಿಯಾಗಿದೆ ಅಂತ ನಿನ್ನ ಹತ್ರ ಹೇಳ್ದೆ ಬೇರೆ. ಹೊಟ್ಟೆ ತುಂಬಿದ್ರೆ ಈಗ್ಲೂ ಅಸಹ್ಯ ಆಗತ್ತೆ.”

ಅತ್ತೆಗೆ ಕೊಟ್ಟ ಮಾತು ಮುರಿದು ಎಲ್ಲ ಹೇಳಿಬಿಟ್ಟೆ. ಎಳೆ ಹಿಡಿದದ್ದು, ಹನ್ನೆರಡು ಸಾಲು, ಮೂರು ದಿನದ ಉಪವಾಸ, ಎಲ್ಲ. ಅವರು ಅಳುತ್ತಾರೆ, ಇಲ್ಲವೇ ಅತ್ತೆಯನ್ನು ಶಪಿಸುತ್ತಾರೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಒಂದೇ ಒಂದು ಮಾತು ಕೇಳಿದರು.

“ಸಾರನ್ನದ ಹೊತ್ತಿಗೆ ಹೋದ್ರಾ, ಮಜ್ಜಿಗೆ ಹೊತ್ತಿಗಾ?”

ನನಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತೇನೋ... ನಾನು ಕೇಳಿಕೊಂಡಿರಲಿಲ್ಲ.

ಈಗ ಮೂವರೂ ಇಲ್ಲ. ಆ ಮಧ್ಯಾಹ್ನ ಅವರ ನಡುವೆ ನಡೆದದ್ದನ್ನು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ನನಗೂ ಗೊತ್ತಿರುವುದು ಅರ್ಧವೇ.