ಬಲೆ ಬಿಟ್ಟ ಜಾಗ

ಸಿಹಿನೀರಿನ ಮೀನುಗಳ ಆನುವಂಶಿಕ ವೈವಿಧ್ಯವನ್ನು ಕುರಿತು ಮಾತೆತ್ತಿದವರು ಮೇಡಂ ಅವರನ್ನು ನೆನೆಯದೆ ಎರಡನೆಯ ವಾಕ್ಯಕ್ಕೆ ಹೋಗಲಾರರು. ಮೂವತ್ತನಾಲ್ಕು ವರ್ಷ ಒಂದೇ ಸರೋವರದ ದಡದಲ್ಲಿ, ಒಂದೇ ಕಿಟಕಿಯ ಪಕ್ಕ ಕುಳಿತು ಅವರು ಪರೀಕ್ಷೆಗೆಂದು ಕತ್ತರಿಸಿದ ಮೀನಿನ ಈಜುರೆಕ್ಕೆಯ ಚೂರುಗಳನ್ನು ಸಾಲಾಗಿ ಜೋಡಿಸಿದರೆ ಚಂದ್ರನನ್ನು ಮುಟ್ಟಿ, ವಾಪಸು ಬರುವಾಗ ಸ್ವಲ್ಪ ಮಿಗುತ್ತವೆ. ದೋಣಿಯವರಿಗೆ ಅವರು ‘ರೆಕ್ಕೆಯಮ್ಮ’. ಸಂಶೋಧನಾ ಕೇಂದ್ರದವರಿಗೆ ಬರೀ ‘ಮೇಡಂ’. ಈ ಅಭಿನಂದನ ಗ್ರಂಥದ ಉಳಿದ ಲೇಖಕರು ಅವರ ಪಾಂಡಿತ್ಯವನ್ನು ತಕ್ಕಷ್ಟು ಕೊಂಡಾಡಿರುವುದರಿಂದ, ಅವರ ಅತ್ಯಂತ ದಡ್ಡ ಶಿಷ್ಯನೊಬ್ಬನ ಕಥೆಯನ್ನು ಹೇಳುವ ಭಾಗ್ಯ ಈ ಲೇಖನಕ್ಕೆ ಉಳಿದಿದೆ. ಆ ಶಿಷ್ಯನೇ ಇದನ್ನು ಬರೆಯುತ್ತಿರುವುದರಿಂದ ಸಾಕ್ಷ್ಯಕ್ಕೆ ಕೊರತೆಯಿಲ್ಲ.

ಮೇಡಂ ಸೇವೆಯ ಹನ್ನೊಂದನೆಯ ವರ್ಷದಲ್ಲಿ ಅವನು ಸಹಾಯಕನಾಗಿ ಸೇರಿದ. ಮೀನಿನ ಮುಖ ನೋಡಿ ಅದರ ಅಜ್ಜಿಯ ತೂಕ ಹೇಳಬಲ್ಲೆ ಎಂದು ಮೊದಲ ದಿನವೇ ಜಂಬ ಕೊಚ್ಚಿದ. ಆ ವರ್ಷದ ಪ್ರಶ್ನೆ ಸರಳವಾಗಿತ್ತು: ಇಪ್ಪತ್ತು ವರ್ಷ ಎಡೆಬಿಡದೆ ಹಿಡಿದ ಮೇಲೆ, ಈ ಮೀನಿನ ಕುಲದಲ್ಲಿ ಹಿಂದಿದ್ದ ವೈವಿಧ್ಯ ಇನ್ನೂ ಉಳಿದಿದೆಯೇ? ಹೋಲಿಸಲು ಹಳಬರೊಬ್ಬರು ಇಪ್ಪತ್ತು ವರ್ಷದ ಹಿಂದೆ ಒಣಗಿಸಿಟ್ಟ ಮೀನಿನ ಹುರುಪೆಗಳು ಬೀರುವಿನಲ್ಲಿದ್ದವು. ಹೊಸ ಮಾದರಿ ತರುವುದಷ್ಟೇ ಬಾಕಿ.

ಶಿಷ್ಯ ಮಾದರಿಯ ವಿವರ ಬರೆಯಲು ಮೇಡಂ ಸಿದ್ಧಪಡಿಸಿದ್ದ ಫಾರಂ ನೋಡಿ, ಉದ್ದವಾಯಿತೆಂದು ಒಂದು ಕಾಲಂ ತೆಗೆದುಹಾಕಿ, ಚೊಕ್ಕವಾಗಿ ಟೈಪು ಮಾಡಿಸಿದ. ಮೇಡಂ ಅವಸರದಲ್ಲಿ ಸಹಿ ಹಾಕಿದರು. ಅವನು ಒಂದು ವಾರ ಸರೋವರದ ಮೆಟ್ಟಿಲ ಮೇಲೆ ಕುಳಿತು, ಬಂದು ನಿಂತ ನಲವತ್ತು ದೋಣಿಗಳಿಂದ ಮೀನು ತೆಗೆದು, ನಲವತ್ತು ಲಕೋಟೆಗಳ ಮೇಲೆ ದೋಣಿಗಳ ಹೆಸರು ಬರೆದ. ನಲವತ್ತು ದೋಣಿಯೆಂದರೆ ನಲವತ್ತು ಜಾಗ ಎಂಬುದು ಅವನ ಗಣಿತ. ಪರೀಕ್ಷೆಯಲ್ಲಿ ಎಲ್ಲ ಮೀನುಗಳೂ ಹತ್ತಿರದ ಸಂಬಂಧಿಗಳೆಂದು ತಿಳಿಯಿತು. ವೈವಿಧ್ಯ ಮುಕ್ಕಾಲು ಪಾಲು ಅಳಿದಿದೆಯೆಂದು ವರದಿ ಹೋಯಿತು. ಮೀನುಗಾರಿಕೆ ಇಲಾಖೆ ತಡಮಾಡಲಿಲ್ಲ: ಮೂರು ವರ್ಷ ಸರೋವರದಲ್ಲಿ ಬಲೆ ಬೀಳಕೂಡದು, ಸಾಕಣೆ ಕೇಂದ್ರದಿಂದ ಹತ್ತು ಲಕ್ಷ ಮರಿ ಬಿಡಬೇಕು. ಆ ಹತ್ತು ಲಕ್ಷಕ್ಕೂ ತಂದೆತಾಯಿ ಸೇರಿ ಹನ್ನೆರಡೇ ಮೀನು. ಇದಕ್ಕೆ ಮುದ್ರೆಯೊತ್ತುವ ಅಂತಿಮ ಸಭೆಗೆ ಹತ್ತು ದಿನವಿತ್ತು.

ಸುದ್ದಿ ಕೇಳಿ ದೊಡ್ಡಕ್ಕ ಕೇಂದ್ರದ ಅಂಗಳಕ್ಕೇ ಬಂದರು. ದೋಣಿಯವರಲ್ಲೆಲ್ಲ ಹಿರಿಯರು, ಅವರು ಗದರಿದರೆ ಸರೋವರದ ಅಲೆ ಅರ್ಧದಲ್ಲೇ ನಿಲ್ಲುತ್ತಿತ್ತು.

“ನಮ್ಮ ಮೀನೆಲ್ಲ ಒಂದೇ ಮನೆಯವು ಅಂದ್ಯಂತೆ?”

“ನಾನಲ್ಲ ದೊಡ್ಡಕ್ಕ, ವಿಜ್ಞಾನ ಹೇಳಿದ್ದು.”

“ನಿನ್ನ ವಿಜ್ಞಾನ ಆ ವಾರದ ಗಾಳಿ ನೋಡ್ತಾ? ಜೊಂಡು ಬಿಟ್ಟು ಒಬ್ರೂ ಆಚೆ ಹೋಗಿರ್ಲಿಲ್ಲ. ಎಲ್ರೂ ಒಂದೇ ಮೂಲೇಲಿ ಬಲೆ ಬಿಟ್ಟಿದ್ವಿ. ಒಂದೇ ತಾಯಿ ಮಕ್ಕಳನ್ನ ನಲವತ್ತು ಬಾಗಿಲಲ್ಲಿ ನಿಲ್ಲಿಸಿ ಊರೆಣಿಸಿದ್ಯಲ್ಲೋ, ಜಾಣ!”

ಶಿಷ್ಯ ನೇರ ಮೇಡಂ ಬಳಿಗೆ ಓಡಿದ. ಈ ಜಾತಿಯ ಮರಿಗಳು ತಾಯ್ತಂದೆಯರ ಕಾವಲಿನಲ್ಲಿ, ಒಡಹುಟ್ಟಿದವರ ಗುಂಪಾಗಿಯೇ ಬೆಳೆಯುತ್ತವೆಂದು ಅವನು ಓದಿದ್ದ. ಅವನು ಕಿತ್ತುಹಾಕಿದ ಕಾಲಂ ‘ಬಲೆ ಬಿಟ್ಟ ಜಾಗ’.

ಮೇಡಂ ಚಿಮಟ ಕೆಳಗಿಡದೆ ಎಲ್ಲವನ್ನೂ ಕೇಳಿದರು.

“ಊಟ ಆಯ್ತೇನೋ?”

“ಇಲ್ಲ ಮೇಡಂ. ನನ್ನ ಕೆಲಸ ಹೋಯ್ತು, ಅಲ್ವಾ?”

“ಕೆಲಸ ಈಗ ಶುರು. ಹುಟ್ಟು ಹಾಕೋಕೆ ಬರುತ್ತಾ?”

“ನನ್ನಷ್ಟು ಚೆನ್ನಾಗಿ ಯಾರಿಗೆ ಬರುತ್ತೆ ಮೇಡಂ!”

ಸಭೆಯಲ್ಲಿ ಮೇಡಂ ಎದ್ದು ನಿಂತರು. “ಈ ವರದಿ ತಪ್ಪು. ಒಂದೇ ಮೂಲೆಯ ಮೀನು ನೋಡಿ ಇಡೀ ಸರೋವರದ ಬಗ್ಗೆ ಬರೆದಿದ್ದೇವೆ. ಫಾರಂಗೆ ಸಹಿ ಹಾಕಿದವಳು ನಾನು. ಒಂದು ವರ್ಷ ಕೊಡಿ. ಅಲ್ಲಿವರೆಗೆ ಮರಿ ಬಿಡಬೇಡಿ. ಬಿಟ್ಟದ್ದನ್ನ ವಾಪಸು ಹಿಡಿಯೋಕಾಗಲ್ಲ.” ಶಿಷ್ಯ ಏಳಲು ಹೋದಾಗ ಮೇಡಂ ಅವನ ಭುಜವನ್ನು ಒಂದೇ ಬೆರಳಿನಿಂದ ಅದುಮಿದರು. ಆ ಬೆರಳಿಗೆ ಆನೆಯ ತೂಕವಿತ್ತು. ವರ್ಷ ಸಿಕ್ಕಿತು. ಅವರಿಗೆ ಬರಬೇಕಿದ್ದ ನಿರ್ದೇಶಕಿಯ ಹುದ್ದೆ ಬೇರೆಯವರ ಪಾಲಾಯಿತು. 

ಹೊಸ ಮಾದರಿಗೆಂದು ಹೊರಟ ಶಿಷ್ಯನ ದೋಣಿ ಮೂರು ದಿನ ನಿಂತಲ್ಲೇ ಬುಗುರಿಯಂತೆ ಸುತ್ತಿತು. “ಇವನನ್ನ ನಂಬಿದ್ರೆ ಮೀನೇ ನಡ್ಕೊಂಡು ಬರ್ಬೇಕು” ಎಂದು ಹುಟ್ಟು ಕಸಿದುಕೊಂಡ ದೊಡ್ಡಕ್ಕ ವರ್ಷವಿಡೀ ಅವನನ್ನು ಕೂರಿಸಿಕೊಂಡು ನಲವತ್ತು ನಿಜವಾದ ಜಾಗಗಳಿಗೆ ಒಯ್ದರು. ಲೆಕ್ಕ ಹಾಕಿ ನೋಡಿದಾಗ ವೈವಿಧ್ಯ ಹಳೆಯ ಹುರುಪೆಗಳಲ್ಲಿದ್ದಷ್ಟೇ ಇತ್ತು, ಕಡಿಮೆಯೆಂದರೆ ಕೂದಲೆಳೆಯಷ್ಟು. ದೂರದೂರದ ಮೂಲೆಗಳ ಸಂತತಿಗಳು ನೀರೇರಿದಾಗ ಬೆರೆತು ಕುಲವನ್ನು ಕಾಪಾಡಿದ್ದವು. ಆದರೆ ಮೇಡಂ ಹಿಗ್ಗಲಿಲ್ಲ. ಸ್ಥಿರತೆಯನ್ನು ಮನಬಂದಂತೆ ಹಿಡಿಯಲು ಅಪ್ಪಣೆಯೆಂದು ತಿಳಿಯಬಾರದು, ದೊಡ್ಡ ತಾಯಿಮೀನುಗಳು ಕಡಿಮೆಯಾದರೆ ಕೆಲವೇ ತಲೆಮಾರುಗಳಲ್ಲಿ ಇದು ಮುರಿಯುತ್ತದೆ ಎಂದು ಎರಡನೆಯ ವರದಿಯಲ್ಲಿ ಸ್ಪಷ್ಟವಾಗಿ ಬರೆದರು. ಸರೋವರ ಮುಚ್ಚಲಿಲ್ಲ, ಸಾಕಿದ ಮರಿ ಬೀಳಲಿಲ್ಲ. ಮೊಟ್ಟೆಯಿಡುವ ಎರಡು ತಿಂಗಳು ಜೊಂಡಿಗೆ ಯಾರೂ ಹೋಗಬಾರದೆಂಬ ಕಟ್ಟುಪಾಡನ್ನು ದೊಡ್ಡಕ್ಕನೇ ಮುಂದೆ ನಿಂತು ಜಾರಿಗೆ ತಂದರು.

ಕಳೆದ ತಿಂಗಳು ನಿವೃತ್ತಿಯ ದಿನ ಮೇಡಂ ಬೀರುವಿನ ಕೀಲಿಯನ್ನು ಶಿಷ್ಯನ ಕೈಗಿತ್ತರು. ಮೇಲಿನ ಖಾನೆಯಲ್ಲೇ ಆ ನಲವತ್ತು ಲಕೋಟೆಗಳ ಕಟ್ಟು ಇತ್ತು. ಅವನ್ನು ಎಂದೋ ಸುಟ್ಟಿರಬೇಕೆಂದು ಇಪ್ಪತ್ತಮೂರು ವರ್ಷ ನಂಬಿದ್ದವನು ಕಟ್ಟನ್ನು ಕೆಳಗಿಳಿಸಿದ. ಕಟ್ಟಿನ ಮೇಲಿನ ಚೀಟಿಯಲ್ಲಿ ‘ತಪ್ಪು’ ಎಂದಿರಲಿಲ್ಲ. ಅವನ ಹೆಸರೂ ಇರಲಿಲ್ಲ. ಬಿಟ್ಟುಹೋಗಿದ್ದ ಕಾಲಂ ಅನ್ನು ಮೇಡಂ ತಮ್ಮ ದುಂಡು ಅಕ್ಷರದಲ್ಲಿ ತುಂಬಿದ್ದರು: ‘ಬಲೆ ಬಿಟ್ಟ ಜಾಗ: ಜೊಂಡು. ಗಾಳಿಯ ವಾರ.’

“ಬಿಸಾಡ್ಬೇಡ,” ಎಂದರು. “ಎಲ್ಲಿಯದು ಅಂತ ಗೊತ್ತಾದ್ಮೇಲೆ ಯಾವ ಮೀನೂ ದಂಡ ಅಲ್ಲ.”

ಶಿಷ್ಯ ಅದಕ್ಕೆ ಇಲ್ಲಿ ಉತ್ತರಿಸುತ್ತಿದ್ದಾನೆ. ಮೇಡಂ, ಆ ಕಿಟಕಿಯ ಪಕ್ಕದ ಕುರ್ಚಿಯನ್ನು ಯಾರಿಗೂ ಕೊಟ್ಟಿಲ್ಲ. ಸೋಮವಾರದಿಂದ ಎಂದಿನಂತೆ ಬನ್ನಿ. ನಿಮ್ಮ ಆಯಸ್ಸು ನಲವತ್ತು ಕಡೆಯಿಂದ ಕೂಡಿಬರಲಿ. ಇನ್ನು ಮುಂದಿನ ಫಾರಂಗಳನ್ನೂ ನೀವೇ ನೋಡಬೇಕು. ಸಹಿಗೆ ಮುಂಚೆ, ದಯವಿಟ್ಟು, ಪೂರ್ತಿ ಓದಿ.