ಗಾಲಿಯ ಮೇಲೆ ಹೊರಟ ಚರ್ಚು

ಮೊನ್ನೆ ಶನಿವಾರ ನಾವಿರುವ ಊರು ಮರ್ಫಿಯ ಸಿಗ್ನಲ್ಲಿನಲ್ಲಿ ಪೊಲೀಸರು ನಮ್ಮ ಕಾರನ್ನು ತಡೆದು ನಿಲ್ಲಿಸಿದರು. ಎದುರಿನಿಂದ ‘ಓವರ್‌ಸೈಜ್ ಲೋಡ್’ ಎಂಬ ಹಳದಿ ಬೋರ್ಡು ಕಟ್ಟಿಕೊಂಡ ಟ್ರಕ್ಕು ಬರುತ್ತಿತ್ತು. ಅದರ ಬೆನ್ನ ಮೇಲೆ ಅರ್ಧ ಮನೆ. ಕಿಟಕಿಯ ಪರದೆ ಕೂಡ ಹಾಗೇ ಇತ್ತು. ನಾನು ಗಾಜು ಇಳಿಸಿ, ಕತ್ತು ಹೊರಗೆ ಚಾಚಿ, ಮದುವೆಯ ದಿಬ್ಬಣ ನೋಡುವ ಹುಡುಗಿಯ ಹಾಗೆ ನೋಡತೊಡಗಿದೆ.

“ನಿನ್ನ ಪೈಕೀದs ಹೊಂಟೈತಿ ನೋಡು” ಎಂದರು ನನ್ನ ಗಂಡ ಪ್ರಶಾಂತ.

ನೀವೂ ನಗಬಹುದು. ಆದರೆ ಒಂದು ಇಡೀ ಚರ್ಚು ರಸ್ತೆಯಲ್ಲಿ ನಡೆದು ಬರುವುದನ್ನು ಕಂಡವರಿಗೆ, ಅದರಲ್ಲೂ ಅದು ಬರುವುದಕ್ಕೆ ತಾವೂ ಒಂದಿಷ್ಟು ಕಾರಣರಾದವರಿಗೆ, ಇಂಥ ಟ್ರಕ್ಕು ಕಂಡರೆ ಸುಮ್ಮನಿರಲು ಆಗುವುದಿಲ್ಲ.

ನಾವು ಹುಬ್ಬಳ್ಳಿಯಿಂದ ಬಂದು ಟೆಕ್ಸಸ್‌ನಲ್ಲಿ ನೆಲೆಯಾದವರು. ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಹೀಗಾಗಿ ಭಾನುವಾರ ಮಧ್ಯಾಹ್ನದ ಕನ್ನಡ ಕ್ಲಾಸಿಗೆ ಸೇರಿಸಿದೆವು. ಕ್ಲಾಸು ನಡೆಯುತ್ತಿದ್ದದ್ದು ಮರ್ಫಿಯಿಂದ ಪೂರ್ವಕ್ಕೆ ಸ್ವಲ್ಪ ಡ್ರೈವ್ ಮಾಡಿದರೆ ಸಿಗುವ ಒಂದು ಸಣ್ಣ ಊರಿನ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ. ಬಿಳಿ ಬಣ್ಣದ ಮರದ ಕಟ್ಟಡ; ಬೆಳಿಗ್ಗೆ ಅವರ ಪ್ರಾರ್ಥನೆ, ಮಧ್ಯಾಹ್ನ ನಮ್ಮ ಅ ಆ ಇ ಈ. ಬೀಗ ತೆಗೆದುಕೊಡಲು ಬರುತ್ತಿದ್ದವರು ಮಾರ್ಗರೆಟ್. ಎಂಬತ್ತು ದಾಟಿದ ಉದ್ದನೆಯ ಹೆಂಗಸು, ಮಕ್ಕಳಿಗೆಲ್ಲ ಮಾರ್ಗರೆಟ್ ಆಂಟಿ. ಬೀಗ ತೆಗೆದ ಮೇಲೆ ಅವರು ಮನೆಗೆ ಹೋಗಬಹುದಿತ್ತು. ಹೋಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕುಳಿತು ಚರ್ಚಿನ ಚರಿತ್ರೆ ಹೇಳುತ್ತಿದ್ದರು.

ಮೊದಮೊದಲು ನನಗೆ ಅನುಮಾನ. ಇದು ಎಲ್ಲಿಗೆ ಹೋಗಿ ಮುಟ್ಟುವ ಕಥೆಯೋ, ಕೊನೆಗೆ ನನ್ನ ಧರ್ಮದ ವಿಚಾರಕ್ಕೇ ಬರುವುದೋ ಎಂದು ಫೋನ್ ನೋಡುವವಳಂತೆ ನಟಿಸುತ್ತಿದ್ದೆ. ಅವರೋ ನನ್ನ ಧರ್ಮದ ಗೋಜಿಗೇ ಬರಲಿಲ್ಲ. ತಮ್ಮ ಮನೆತನದ ಜಗಳವೇ ಅವರಿಗೆ ಬೇಕಾದಷ್ಟಿತ್ತು.

ಅದು ಶುರುವಾದದ್ದು ಸ್ಕಾಟ್ಲೆಂಡಿನ ಕಡಲತೀರದ ಒಂದು ಊರಿನಲ್ಲಿ. ಅಲ್ಲಿನ ಕಲ್ಲಿನ ಚರ್ಚಿಗೆ ಪಾದ್ರಿ ಯಾರು ಎಂದು ಗೊತ್ತುಮಾಡುವವನು ಊರ ಜಮೀನ್ದಾರ. ಒಮ್ಮೆ ಊರಿಗೆ ಬೇಡವಾದವನೊಬ್ಬನನ್ನು ಆತ ತಂದು ಕೂರಿಸಿದ. ಆ ಭಾನುವಾರ ಪಾದ್ರಿ ಬಾಯಿ ತೆರೆಯುವ ಮುಂಚೆ ಮಾರ್ಗರೆಟ್ಟರ ಮುತ್ತಜ್ಜಿಯ ತಾಯಿ ಎಲ್ಸ್‌ಪೆತ್ ಎದ್ದು, ಮನೆಯಿಂದ ತಂದಿದ್ದ ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ನಡೆದಳಂತೆ. ಹಿಂದೆಯೇ ಅರ್ಧ ಊರು.

“ಆಮೇಲೆ?” ಎಂದೆ. ಅಂದು ಫೋನ್ ಚೀಲಕ್ಕೆ ಹೋಯಿತು.

ಆಮೇಲೆ ಏನು, ಹೊಸ ಚರ್ಚು ಕಟ್ಟಲು ಜಮೀನ್ದಾರ ಒಂದಡಿ ಜಾಗ ಕೊಡಲಿಲ್ಲ. ಊರಿನ ನೆಲವೆಲ್ಲ ಅವನದು. ಆದರೆ ಸಮುದ್ರ ಇಳಿದಾಗ ಬಯಲಾಗುವ ಮರಳು ಅವನದಲ್ಲ! ಅವರು ಅಲ್ಲಿ ನಿಂತು ಪ್ರಾರ್ಥನೆ ಮಾಡಿದರು, ಇಡೀ ಚಳಿಗಾಲ. ಉಬ್ಬರ ಬರುವುದರೊಳಗೆ ಪ್ರವಚನ ಮುಗಿಯಬೇಕು. ಅವರೇ ಆರಿಸಿಕೊಂಡಿದ್ದ ಹೊಸ ಪಾದ್ರಿ ಮೈಮರೆತರೆ ಎಲ್ಸ್‌ಪೆತ್ “ನೀರು ಬಂತು!” ಎಂದು ಕೂಗುತ್ತಿದ್ದಳು. ಅವರ ಮೊಮ್ಮಕ್ಕಳು ಹಡಗು ಹತ್ತಿ ಟೆಕ್ಸಸ್‌ಗೆ ಬಂದರು, ಹತ್ತಿ ಬೆಳೆದರು, ಈ ಮರದ ಚರ್ಚು ಕಟ್ಟಿದರು. ಕಡಲು ಎಷ್ಟೋ ದೂರ ಉಳಿಯಿತು, ಆದರೂ ಪ್ರವಚನ ಉದ್ದವಾದರೆ ಮನೆತನದ ಹಿರಿಯ ಹೆಂಗಸು ಎದ್ದು “ನೀರು ಬಂತು!” ಎನ್ನುವ ಪದ್ಧತಿ ಉಳಿಯಿತು. ಈಗ ಆ ಹಿರಿಯ ಹೆಂಗಸು ಮಾರ್ಗರೆಟ್. ನಮ್ಮ ಕನ್ನಡ ಸಂಘದ ಸಭೆಗಳಿಗೂ ಇಂಥವರೊಬ್ಬರು ಇದ್ದಿದ್ದರೆ ಎಂದು ನಾನು ಎಷ್ಟು ಸಲ ಹಂಬಲಿಸಿದ್ದೇನೋ.

ಹೀಗಿರುವಾಗ ರಸ್ತೆ ಅಗಲ ಮಾಡುವ ಯೋಜನೆ ಬಂತು. ಚರ್ಚು ನೇರ ರಸ್ತೆಯ ಮೇಲೇ ಬರುತ್ತಿತ್ತು. ಕೆಡವಬೇಕು, ಇಲ್ಲವೇ ಎತ್ತಿಕೊಂಡು ಹೋಗಬೇಕು. ಊರಾಚೆ ಹಳೆಯ ಶಾಲೆಯ ಹಿಂದೆ ಖಾಲಿ ಜಾಗವೊಂದಿತ್ತು. ಅದನ್ನು ಕೊಡುವುದು ಬಿಡುವುದು ಊರಿನ ಕೌನ್ಸಿಲ್ಲಿನ ಕೈಯಲ್ಲಿತ್ತು. ಸಭೆಯಲ್ಲಿ ಚರ್ಚಿನ ಪರವಾಗಿ ಮಾರ್ಗರೆಟ್ ಮಾತಾಡುವುದೆಂದು ಗೊತ್ತಾಯಿತು. ಅಷ್ಟರಲ್ಲಿ ಅವರಿಗೆ ಗಂಟಲಿನ ಆಪರೇಷನ್ ಆಯಿತು, ಧ್ವನಿ ಹೋಯಿತು.

ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಪಿಸುಗುಟ್ಟಿದರು: “ನೀನೇ ಹೇಳು.”

“ನಾನಾ? ನಿಮ್ಮ ಚರ್ಚಿನವರು ಯಾರೂ ಇಲ್ಲವೇ?”

“ಅವರಿಗೆಲ್ಲ ಕಿವಿ ಮಂದ. ಕಥೆಯನ್ನು ಪೂರ್ತಿ ಕೇಳಿದವಳು ನೀನೊಬ್ಬಳೇ.”

ಮನೆಗೆ ಬಂದು ಅಡಿಗೆಮನೆಯಲ್ಲಿ ಪ್ರಾಕ್ಟೀಸ್ ಮಾಡಿದೆ. ಪ್ರಶಾಂತ ಚಹಾ ಕುಡಿಯುತ್ತ ಕೇಳಿ, “ಇಂಗ್ಲಿಷ್ ಬರೋಬ್ಬರಿ ಐತಿ. ಆದ್ರ ನೀ ಜಗಳಾ ಮಾಡೋಹಂಗ ಹೇಳಾಕತ್ತೀ” ಎಂದರು.

“ಅದು ಜಗಳದ ಕಥೀನs ಐತ್ರಿ!” ಎಂದೆ.

ಸಭೆಯ ಸಂಜೆ ಮೈಕಿನ ಮುಂದೆ ನಿಂತು, ಬರೆದುಕೊಂಡ ಹಾಳೆಯನ್ನು ಎರಡೆರಡು ಸಲ ಮಡಿಸಿ ಬಿಚ್ಚಿದೆ. ಮಾರ್ಗರೆಟ್ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಕೌನ್ಸಿಲ್ಲಿನ ಒಬ್ಬ ಹಿರಿಯರು ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: “ನೀವು ಈ ಚರ್ಚಿನ ಸದಸ್ಯರೇ, ಮೇಡಂ?”

“ಅಲ್ಲ ಸರ್, ನಾನು ಹಿಂದೂ. ನನ್ನ ಮಗಳು ಅಲ್ಲಿ ಅಕ್ಷರ ಕಲಿಯುತ್ತಿದ್ದಾಳೆ.”

ಸಭೆ ನಕ್ಕಿತು. ಆ ನಗುವಿನಲ್ಲಿ ನನ್ನ ಹೆದರಿಕೆ ಹಾರಿಹೋಯಿತು. ಎಲ್ಸ್‌ಪೆತ್ ಎದ್ದು ಹೊರಗೆ ನಡೆದದ್ದನ್ನು ಹೇಳಿದೆ, ಮರಳಿನ ಮೇಲಿನ ಪ್ರಾರ್ಥನೆಯನ್ನು ಹೇಳಿದೆ, ಹಡಗಿನದನ್ನು ಹೇಳಿದೆ. ಬರೆದುಕೊಂಡದ್ದು ಮುಗಿದರೂ ಮಾತು ಮುಗಿಯಲಿಲ್ಲ. “ಇವರ ಚರ್ಚು ಯಾವತ್ತೂ ಒಂದೇ ಕಡೆ ಇದ್ದದ್ದಲ್ಲ. ಕಲ್ಲಿನಿಂದ ಮರಳಿಗೆ, ಮರಳಿನಿಂದ ಸಮುದ್ರಕ್ಕೆ, ಸಮುದ್ರದಿಂದ ನಿಮ್ಮೂರಿಗೆ ಬಂದಿದೆ. ಇಷ್ಟು ದೂರ ಬಂದದ್ದನ್ನು ಇನ್ನೊಂದು ಮೈಲಿ ಹೋಗಲು ಬಿಡಿ. ಅಂದು ಜಮೀನ್ದಾರ ಜಾಗ ಕೊಡಲಿಲ್ಲ. ನೀವು ಜಮೀನ್ದಾರರಲ್ಲವಲ್ಲ?”

ಹೇಳಿಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಆ ಹಿರಿಯರು ಮೈಕು ಹತ್ತಿರ ಎಳೆದುಕೊಂಡು, “ನನ್ನನ್ನು ಏನೇನೋ ಅಂದಿದ್ದಾರೆ, ಜಮೀನ್ದಾರ ಎಂದು ಮಾತ್ರ ಯಾರೂ ಅಂದಿರಲಿಲ್ಲ” ಎಂದರು. ಮತಕ್ಕೆ ಹಾಕಿದಾಗ ಮೊದಲು ಕೈ ಎತ್ತಿದವರೂ ಅವರೇ. ಜಾಗ ಸಿಕ್ಕಿತು! ಮಾರ್ಗರೆಟ್ ಬಾಯಿ ತೆರೆದು ನಕ್ಕರು, ಸದ್ದೇ ಇಲ್ಲದ ನಗು. ಅಂಥ ದೊಡ್ಡ ನಗುವನ್ನು ನಾನು ಕಂಡಿಲ್ಲ.

ಚರ್ಚು ಹೊರಟ ದಿನದ ಮಾತು ಏನು ಹೇಳಲಿ! ಬೆಳಗಾಗುತ್ತಲೇ ಕನ್ನಡ ಕ್ಲಾಸಿನ ಮನೆಗಳೆಲ್ಲ ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಚುರುಮುರಿ ಹಿಡಿದು ರಸ್ತೆ ಬದಿಗೆ ಬಂದವು. ನನ್ನ ತಂಗಿ ಹಿಂದಿನ ದಿನವೇ ಮೂರ್ನಾಲ್ಕು ತಾಸು ದೂರದ ದ ವುಡ್‌ಲ್ಯಾಂಡ್ಸ್ ಎಂಬ ಊರಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದಳು. ಚರ್ಚಿನ ಕೆಳಗೆ ಉಕ್ಕಿನ ತೊಲೆ ತೂರಿಸಿ, ಗಾಲಿಗಳ ಮೇಲೆ ಎತ್ತಿದ್ದರು. ಕರೆಂಟಿನ ತಂತಿ ಎತ್ತಿ ಹಿಡಿಯಲು ಮುಂದೆ ಇನ್ನೊಂದು ಗಾಡಿ. ಬಿಳಿ ಚರ್ಚು ಅಲುಗಿತು, ಹೊರಟೇಬಿಟ್ಟಿತು! ನಾವೆಲ್ಲ ಅದರ ಪಕ್ಕದಲ್ಲೇ ನಡೆದೆವು. ಮಕ್ಕಳು ಕಿರುಚುತ್ತ ಓಡಿದರು.

ಶಾಲೆಯ ತಿರುವಿನಲ್ಲಿ ಹಿಂದಿನ ದಿನದ ಮಳೆಗೆ ಮಣ್ಣು ಮೆತ್ತಗಾಗಿತ್ತು. ಒಂದು ಬದಿಯ ಗಾಲಿ ಕುಸಿಯಿತು. ಇಡೀ ಚರ್ಚು ಮೆಲ್ಲಗೆ ವಾಲಿತು, ಗೋಪುರದೊಳಗಿನ ಗಂಟೆ ತಾನಾಗಿಯೇ ಢಣ್ ಎಂದಿತು. ಚುರುಮುರಿ ತುಂಬಿದ್ದ ಬಾಯಿಗಳೆಲ್ಲ ಹಾಗೇ ನಿಂತವು. ಟ್ರಕ್ಕಿನವರು ಹಲಗೆ ಹಾಕಿದರು, ಜ್ಯಾಕು ಕೊಟ್ಟರು, ಬೈದುಕೊಂಡರು, ಮತ್ತೆ ಹಲಗೆ ಹಾಕಿದರು. ಆಗ ನನ್ನ ಪಕ್ಕದಿಂದ ಒಡಕು ಬಿದ್ದ, ಗರಗಸದಂಥ ಒಂದು ದನಿ ಎದ್ದಿತು: “ನೀರು ಬಂತು!” ಆಪರೇಷನ್ ಆದ ಮೇಲೆ ಮಾರ್ಗರೆಟ್ ಆಡಿದ ಮೊದಲ ಗಟ್ಟಿ ಮಾತು ಅದು. ನಾವೂ ಸೇರಿ ಕೂಗಿದೆವು. ಎಂಜಿನ್ ಗುಡುಗಿತು, ಚರ್ಚು ನೆಟ್ಟಗಾಯಿತು, ತಿರುವು ದಾಟಿತು. ಪ್ರಶಾಂತ ಯಾರದೋ ಅಪರಿಚಿತ ಅಂಕಲ್ಲನ್ನು ತಬ್ಬಿಕೊಂಡು ಕುಣಿಯುತ್ತಿದ್ದರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಕಳೆದ ವಾರ ಸ್ಕಾಟ್ಲೆಂಡಿನ ಆ ಊರಿನಿಂದ ಮಾರ್ಗರೆಟ್ಟರಿಗೆ ವಿಡಿಯೋ ಕಾಲ್ ಬಂತು. ಕಲ್ಲಿನ ಚರ್ಚಿಗೆ ಈಗ ಜನ ಸಾಲದು. ಪಕ್ಕದ ಊರಿನ ಚರ್ಚಿನೊಂದಿಗೆ ಸೇರಿಸುತ್ತಿದ್ದಾರೆ. ಕೊನೆಯ ಪ್ರಾರ್ಥನೆಗೆ ಬನ್ನಿ ಎಂದು ಕರೆದರು. “ಉಳಿದವರ ಕಥೆ ನಮಗೆ ಗೊತ್ತು. ಹೋದವರ ಕಥೆ ಗೊತ್ತಿಲ್ಲ. ಬಂದು ಹೇಳುತ್ತೀರಾ?” ಮಾರ್ಗರೆಟ್ ಫೋನನ್ನು ನನ್ನ ಮುಖಕ್ಕೆ ತಿರುಗಿಸಿ, “ಹೇಳುವವಳು ಇವಳು” ಎಂದುಬಿಟ್ಟರು. ಬರುವ ತಿಂಗಳು ನಾವಿಬ್ಬರೂ ಹೊರಟಿದ್ದೇವೆ.

ಈ ಭಾನುವಾರ ಅವರು ಮೆಟ್ಟಿಲ ಮೇಲೆ ಕುಳಿತು ಬೀಗದ ಕೈಯನ್ನು ತಿರುಗಿಸುತ್ತಲೇ ಇದ್ದರು. ಏನೆಂದು ಕೇಳಿದೆ.

“ನೀನು ಕಥೆ ಹೇಳುತ್ತೀ, ಸರಿ. ಅವರಿಗೂ ನಮಗೂ ಮಾತು ನಿಂತು ಎಷ್ಟೋ ತಲೆಮಾರು ಆಯಿತು. ನಾನು ಮೊದಲು ಏನಂತ ಮಾತಾಡಿಸಲಿ?”

ಜಗಳವಾಡಿ ಮಾತು ಬಿಟ್ಟವರನ್ನು ಮತ್ತೆ ಮಾತಾಡಿಸಲು ನಮ್ಮ ಮನೆಯಲ್ಲಿ ಏನೆನ್ನುತ್ತೇವೋ ಅದನ್ನೇ ಹೇಳಿಕೊಟ್ಟೆ. ಅವರು ಕಣ್ಣು ಮುಚ್ಚಿ, ಆ ಒಡಕು ದನಿಯಲ್ಲಿ, ತಪ್ಪು ಮಾಡಿ, ತಿದ್ದಿಕೊಂಡು, ಮತ್ತೆ ಮತ್ತೆ ಅಂದು ನೋಡಿದರು. ಕೊನೆಗೆ ಎದ್ದು ನಿಂತು, ಸಮುದ್ರದಾಚೆಯವರಿಗೆ ಕೇಳಿಸಬೇಕು ಎಂಬ ಹಾಗೆ ಗಟ್ಟಿಯಾಗಿ ಕೇಳಿದರು:

“ಊಟಾ ಆತೇನ್ರೀ?”