ಹಸಿ ಹಚ್ಚೆ, ಟೈಪಿಂಗ್ ಪರೀಕ್ಷೆ

ಹಚ್ಚೆ ಹುಯ್ಯಿಸಿಕೊಂಡ ಕೈ ಮೊದಲೆರಡು ದಿನ ಉರಿಯುತ್ತದೆ, ಮೂರನೆಯ ದಿನ ಬಿಗಿಯುತ್ತದೆ, ಐದನೆಯ ದಿನದಿಂದ ತುರಿಸುತ್ತದೆ. ಉರಿಯನ್ನು ಯಾರಾದರೂ ತಡೆದುಕೊಳ್ಳಬಹುದು. ತುರಿಕೆಯ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾರೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನನಗೆ ಹತ್ತೊಂಬತ್ತು. ಕುಂಬಾರಕೊಪ್ಪಲಿನ ಒಕ್ಕಲು ಮನೆಯಿಂದ ದಿನವೂ ಪೇಟೆಗೆ ನಡೆದುಹೋಗಿ ಟೈಪಿಂಗ್ ಕಲಿಯುತ್ತಿದ್ದೆ. ಪರೀಕ್ಷೆ ಪಾಸಾದರೆ ಒಂದು ಕಚೇರಿಯಲ್ಲಿ ಕೆಲಸ ಕೊಡುವುದಾಗಿ ಹೇಳಿದ್ದರು. ಆಗದಿದ್ದರೆ ಸೋದರಮಾವನ ಮಗನಿಗೆ ನನ್ನನ್ನು ಕೊಡುವುದೆಂದು ಅಪ್ಪ ಮಾತು ಕೊಟ್ಟಿದ್ದರು. ಮನೆಯಲ್ಲಿ ನನ್ನ ಪರವಾಗಿದ್ದವಳು ಅಜ್ಜಿಯೊಬ್ಬಳೇ. ಅವಳದೂ ಒಂದು ಷರತ್ತಿತ್ತು: ಹೊರಗೆ ದುಡಿಯಲು ಹೋಗುವ ಬಲಗೈಗೆ ಹಚ್ಚೆ ಬೇಕು.

"ಸತ್ತೋದಾಗ ಒಡವೆ ಎಲ್ಲ ಬಿಚ್ಕೊಂಡು ಕಳಿಸ್ತಾರೆ ಕಣವ್ವ. ಜತೇಲಿ ಬರೋದು ಅಚ್ಚೆ ಒಂದೇಯ" ಎಂದಳು.

ಪರೀಕ್ಷೆಗೆ ಇನ್ನೂ ಒಂದು ತಿಂಗಳಿದೆ ಎಂದುಕೊಂಡು ಕೈಯೊಡ್ಡಿದೆ. ಹಚ್ಚೆಯ ಹೆಂಗಸು ಮೂರು ಸೂಜಿಗಳನ್ನು ಒಟ್ಟಿಗೆ ಕಟ್ಟಿ, ನಾನು ಅಳದಿರಲೆಂದು ಹಾಡು ಹೇಳುತ್ತಾ, ಮಣಿಕಟ್ಟಿನಿಂದ ಮೊಣಕೈಯವರೆಗೆ ಚುಕ್ಕೆ ಚುಕ್ಕೆಯ ಬಳ್ಳಿಯೊಂದನ್ನು ಚುಚ್ಚಿದಳು. ನಾನು ಅಳಲಿಲ್ಲ. ಮೂರನೆಯ ದಿನ ಹಾಲ್‌ಟಿಕೆಟ್ ಬಂತು. ಪರೀಕ್ಷೆ ಹಚ್ಚೆಯ ಒಂಬತ್ತನೆಯ ದಿನಕ್ಕೆ ಬಿದ್ದಿತ್ತು.

ಅಜ್ಜಿ ಕೂಡಲೇ ನಂಜಿನ ಪದಾರ್ಥಗಳನ್ನೆಲ್ಲ ನಿಲ್ಲಿಸಿದಳು. ಬದನೆಕಾಯಿ, ಅವರೆಕಾಳು, ಒಣಮೀನು ನನ್ನ ತಟ್ಟೆಗೆ ಬರಲಿಲ್ಲ. ಬೆಳಿಗ್ಗೆ ಸಂಜೆ ಹರಳೆಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದಳು. ಕೆರೆದರೆ ಹಕ್ಕಳೆ ಕಿತ್ತುಬಂದು ಬಳ್ಳಿ ಕೆಡುತ್ತದೆ, ಅದಕ್ಕೆ ಬಲಗೈ ಬಿಟ್ಟು ಎಡಗೈಯ ಮೇಲೆ ಅದೇ ಜಾಗವನ್ನು ಕೆರೆದುಕೊ ಎಂದಳು. ನಾನು ನಂಬಲಿಲ್ಲ, ಆದರೂ ಕೆರೆದು ನೋಡಿದೆ. ಬಲಗೈ ನಿಜವಾಗಿಯೂ ಸ್ವಲ್ಪ ಸುಮ್ಮನಾಯಿತು.

ತಪ್ಪು ಮಾಡಿದವಳು ನಾನು. ಟೈಪಿಂಗ್ ಶಾಲೆಯಲ್ಲಿದ್ದ ಮಿಕ್ಕ ಹುಡುಗಿಯರ ಕೈಮೇಲೆ ಹಚ್ಚೆ ಇರಲಿಲ್ಲ. ನನ್ನದು ಕಾಣಬಾರದೆಂದು ತುಂಬುತೋಳಿನ ರವಿಕೆಗೆ ಗಟ್ಟಿಯಾಗಿ ಗಂಜಿ ಹಾಕಿ, ಇಸ್ತ್ರಿ ಮಾಡಿ ತೊಟ್ಟುಕೊಂಡು ಹೋದೆ. ಬೆವರಿಗೆ ಗಂಜಿ ಕರಗಿ ಬಟ್ಟೆ ಹಕ್ಕಳೆಗೆ ಅಂಟಿಕೊಂಡಿತು. ಒಂದೊಂದು ಅಕ್ಷರ ಒತ್ತಿದಾಗಲೂ ತೋಳು ಜಗ್ಗುತ್ತಿತ್ತು, ತುರಿಕೆ ಇಮ್ಮಡಿಯಾಗುತ್ತಿತ್ತು. ಆ ವಾರ ನನ್ನ ಹಾಳೆಗಳಲ್ಲಿ ಸರಿಯಾದ ಸಾಲು ಹುಡುಕಬೇಕಾಗಿತ್ತು.

ಏಳನೆಯ ದಿನ ಮೇಷ್ಟರು ಕಾರಣ ಕೇಳಿದರು. ರವಿಕೆಯ ತೋಳು ಮಡಚಿ ತೋರಿಸಿದೆ.

"ನಮ್ಮಮ್ಮನ ಕೈಮೇಲೂ ಇದೆ ಕಣಮ್ಮ" ಎಂದರು. "ಮುಚ್ಚಿಡೋಕೆ ಅದೇನು ಕಳವಿನ ಮಾಲಾ? ತೋಳು ಮಡಚ್ಕೊಂಡು ಹೊಡಿ."

ಮರುದಿನದಿಂದ ಗಿಡ್ಡ ತೋಳಿನ ರವಿಕೆ ತೊಟ್ಟೆ. ಒಂದಿಬ್ಬರು ಹುಡುಗಿಯರು ನೋಡಿದರು. ನೋಡಿ ತಮ್ಮ ಕೆಲಸಕ್ಕೆ ತಿರುಗಿದರು.

ಪರೀಕ್ಷೆಯ ದಿನ ನಮ್ಮ ಯಂತ್ರಗಳನ್ನು ಜಟಕಾದಲ್ಲಿ ಹೇರಿಕೊಂಡು ಹೋಗಿ ಪರೀಕ್ಷಾ ಕೇಂದ್ರದಲ್ಲಿ ಇಳಿಸಿದೆವು. ವೇಗದ ಪರೀಕ್ಷೆ ಹತ್ತು ನಿಮಿಷದ್ದು. ಮೂರನೆಯ ನಿಮಿಷಕ್ಕೆ ಮೊಣಕೈಯ ಕೆಳಗೆ ತುರಿಕೆ ಎದ್ದಿತು. ಎರಡೂ ಕೈ ಕೀಲಿಗಳ ಮೇಲೆ ಇದ್ದುದರಿಂದ ಅಜ್ಜಿಯ ಉಪಾಯ ಅಲ್ಲಿ ನಡೆಯುವಂತಿರಲಿಲ್ಲ. ಆದರೆ ಸಾಲು ಮುಗಿದು ಯಂತ್ರದ ಗಂಟೆ ಟಿಣ್ ಎಂದಾಗ ಎಡಗೈ ಮಾತ್ರ ಹಾಳೆಯನ್ನು ಮುಂದಿನ ಸಾಲಿಗೆ ತರುವ ಹಿಡಿಯನ್ನು ತಳ್ಳುತ್ತದೆ, ಬಲಗೈಗೆ ಅರೆಕ್ಷಣ ಬಿಡುವಿರುತ್ತದೆ. ಆ ಅರೆಕ್ಷಣದಲ್ಲಿ ಬಲಗೈಯನ್ನು ತೊಡೆಗೆ ಒಮ್ಮೆ ತಟ್ಟಿದೆ. ಮತ್ತೆ ಸಾಲು, ಮತ್ತೆ ಗಂಟೆ, ಮತ್ತೊಂದು ತಟ್ಟು. ತುರಿಕೆಯನ್ನು ಹತ್ತು ನಿಮಿಷ ತಡೆಯುವುದು ನನ್ನಿಂದ ಆಗುತ್ತಿರಲಿಲ್ಲ. ಒಂದು ಸಾಲಿನಷ್ಟು ತಡೆಯುವುದು ಆಯಿತು. ಕೊಟ್ಟ ಪಾಠ ಮುಗಿದಾಗ ಸಮಯ ಇನ್ನೂ ಉಳಿದಿತ್ತು.

ಹಾಳೆ ಕೊಟ್ಟು ಹೊರಗೆ ಬಂದವಳು ಜಗುಲಿಯ ಕಂಬಕ್ಕೆ ಒರಗಿ ಮನಸ್ಸು ತಣಿಯುವಷ್ಟು ಕೆರೆದುಕೊಂಡೆ. ಅಂಥ ಸುಖ ಕಡಿಮೆ.

ಬಳ್ಳಿಯ ತುದಿಯ ಒಂದು ಚುಕ್ಕೆ ಹಕ್ಕಳೆಯೊಂದಿಗೆ ಹೋಯಿತು. ಫಲಿತಾಂಶ ಬಂದು, ನಾನು ಪಾಸಾಗಿ, ಅಪ್ಪ ಸೋದರಮಾವನಿಗೆ ಮದುವೆ ಇಲ್ಲವೆಂದು ಹೇಳಿಕಳುಹಿಸಿದ ಮೇಲೆ ಅಜ್ಜಿ ನನ್ನ ಕೈಹಿಡಿದು ಆ ಜಾಗ ನೋಡಿದಳು. ಹಚ್ಚೆಯವಳನ್ನು ಕರೆಸಿ ಅದೊಂದನ್ನು ತುಂಬಿಸೋಣ ಎಂದಳು.

"ಇರ್ಲಿ ಬುಡಜ್ಜಿ" ಎಂದೆ. "ಸೋಮವಾರದಿಂದ ಆಫೀಸು."